ಪೇಟೆಗೆ ಒಲ್ಲದ ಹಣ್ಣು, ಹಿತ್ತಲಿಗೆ ಒಪ್ಪುವ ಗಿಡ

ಕಿರಾಣಿ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ತೂಗುಬಿಟ್ಟ ಒಣ ಅಂಜೂರ ಎಲ್ಲರಿಗೂ ಗೊತ್ತು. ಹಸಿ ಹಣ್ಣಿನ ನಿಜವಾದ ರುಚಿ ಕಂಡವರು ಕಡಿಮೆ. ತಪ್ಪು ಹಣ್ಣಿನ ಸ್ವಭಾವದ್ದೇ. ಮಾವು, ಸಪೋಟಗಳ ಹಾಗೆ ಕಾಯಿ ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟರೆ ಅಂಜೂರ ಮಾಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ. ಗಿಡದಲ್ಲೇ ಪೂರ್ತಿ ಕಳಿತದ್ದು ಒಂದೆರಡು ದಿನಕ್ಕೆ ಹುಳಿಯಲು ಶುರು. ಹಾಗಾಗಿ ಲಾರಿ ಹತ್ತುವ ಹಣ್ಣನ್ನು ಅರೆಮಾಗಿದಾಗಲೇ ಕೀಳುತ್ತಾರೆ. ದುಡ್ಡು ಕೊಟ್ಟು ತಂದದ್ದು ಸಪ್ಪೆ ಎನಿಸುತ್ತದೆ. ಮನೆಯಲ್ಲಿ ಬೆಳೆದವರಿಗೆ ಮಾತ್ರ ಈ ಹಣ್ಣು ತನ್ನ ಸಿಹಿಯನ್ನು ಪೂರ್ತಿ ಬಿಟ್ಟುಕೊಡುತ್ತದೆ.

ನಮ್ಮ ನೆಲಕ್ಕೆ ಅಂಜೂರ ಹೊಸದೇನಲ್ಲ. ಶ್ರೀರಂಗಪಟ್ಟಣದ ಗಂಜಾಂ ಒಂದು ಕಾಲಕ್ಕೆ ಇದಕ್ಕೆ ಹೆಸರಾಗಿತ್ತು. ಬಳ್ಳಾರಿ ಸೀಮೆಯ ಬಿಸಿಲಿಗೂ ಇದು ಒಗ್ಗಿದೆ. ಪುಣೆ ಬಳಿಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಣಹವೆ, ಚುರುಕು ಬಿಸಿಲು, ನೀರು ನಿಲ್ಲದ ಮಣ್ಣು ಇಷ್ಟಿದ್ದರೆ ಗಿಡಕ್ಕೆ ಸಾಕು. ಮಲೆನಾಡು, ಕರಾವಳಿಯವರು ನೆಡಬಾರದೆಂದಿಲ್ಲ, ಆದರೆ ಮಳೆಗಾಲದ ಜಗಳಕ್ಕೆ ಸಿದ್ಧರಿರಬೇಕು.

‘ಒಳಗೆ ಹುಳ ಇರುತ್ತದಲ್ಲವೇ?’ ಎಂದು ಕೇಳುವವರು ಬಹಳ. ಅದು ಅತ್ತಿಹಣ್ಣಿನಿಂದ ಬಂದ ಅಂಜಿಕೆ. ಅತ್ತಿಯೂ ಅಂಜೂರವೂ ಒಂದೇ ಕುಲದವು. ಎರಡರಲ್ಲೂ ಹೂಗಳು ಹೊರಗೆ ಕಾಣುವುದಿಲ್ಲ. ನಾವು ಹಣ್ಣೆನ್ನುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಅತ್ತಿಯೊಳಗೆ ನುಸುಳಿ ಪರಾಗಸ್ಪರ್ಶ ಮಾಡುವುದು ಅತಿ ಸಣ್ಣ ಕಣಜ. ಸ್ಮಿರ್ನಾ ಜಾತಿಯ ಅಂಜೂರಕ್ಕೂ ಇಂಥದೇ ಕಣಜ ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕ್ಯಾಲಿಫೋರ್ನಿಯಕ್ಕೆ ಆ ಗಿಡಗಳನ್ನು ಒಯ್ದವರು ವರ್ಷವರ್ಷವೂ ಕಾಯಿ ಉದುರುವುದನ್ನು ನೋಡುತ್ತ ಕೂತರು. ಕಣಜವನ್ನೂ ತರಿಸಿ, 1899ರಲ್ಲಿ ಅದು ಅಲ್ಲಿ ನೆಲೆಯೂರಿದ ಮೇಲೆಯೇ ಹಣ್ಣು ನಿಂತದ್ದು. ನಮ್ಮಲ್ಲಿ ಬೆಳೆಯುವ ಪೂನಾ, ಬ್ರೌನ್ ಟರ್ಕಿಯಂಥ ತಳಿಗಳಿಗೆ ಈ ರಗಳೆ ಇಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಳಿಯುತ್ತದೆ, ಒಂದೇ ಗಿಡವಿದ್ದರೂ ಸಾಕು.

ಇಂಥ ಗಿಡ ಬೀಜದಿಂದ ಮುಂದುವರಿಯದು, ಮನುಷ್ಯ ಕಡ್ಡಿ ಮುರಿದು ನೆಡಬೇಕು. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸಿಕ್ಕ ಸುಮಾರು 11,400 ವರ್ಷ ಹಳೆಯ ಒಣ ಅಂಜೂರಗಳು ಇದೇ ಬಗೆಯವು, ಗೋಧಿ ಬಿತ್ತುವ ಮೊದಲೇ ಜನ ಅಂಜೂರ ನೆಟ್ಟಿದ್ದರು ಎಂದು ಸಂಶೋಧಕರು 2006ರಲ್ಲಿ ವಾದಿಸಿದರು. ಒಪ್ಪದವರೂ ಇದ್ದಾರೆ. ಆದರೆ ಕಡ್ಡಿ ನೆಡುವುದು ಎಷ್ಟು ಸಲೀಸೆಂದು ಬಲ್ಲವರಿಗೆ ಆ ವಾದ ನಂಬಲಾಗದ್ದೇನೂ ಅಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ಮರಳು ಬೆರೆಸಿದ ಮಣ್ಣಿಗೆ ಮೂರರಲ್ಲಿ ಎರಡು ಪಾಲು ಹುಗಿದು ನೆರಳಲ್ಲಿಟ್ಟರೆ ಬೇರು ಬಿಡುತ್ತದೆ. ಆತುರದವರು ನರ್ಸರಿಯಿಂದ ಗೂಟಿ ಸಸಿ ತರಬಹುದು.

ನೆಲವಿಲ್ಲದವರಿಗೆ ತಾರಸಿಯ ಮೇಲೆ ದೊಡ್ಡ ಡ್ರಮ್ ಆದೀತು. ತಳಕ್ಕೆ ತೂತು ಮರೆಯಬಾರದು. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ಯೂರಿಯಾ ಸುರಿದರೆ ಎಲೆ ಆನೆಕಿವಿಯಷ್ಟಾಗುತ್ತದೆ, ಕಾಯಿ ಮಾತ್ರ ಕಾಣದು.

ಅಂಜೂರದ ವಿಷಯದಲ್ಲಿ ಕರುಣೆ ಒಳ್ಳೆಯದಲ್ಲ. ಕಾಯಿ ಕಚ್ಚುವುದು ಹೆಚ್ಚಾಗಿ ಹೊಸ ಚಿಗುರಿನ ಎಲೆಕಂಕುಳಲ್ಲಿ. ಸವರದೆ ಬಿಟ್ಟ ಗಿಡ ಏಣಿಗೂ ಎಟುಕದಂತೆ ಬೆಳೆದು ತುದಿಯಲ್ಲಷ್ಟೇ ನಾಲ್ಕು ಕಾಯಿ ಬಿಡುತ್ತದೆ. ಮಳೆ ಹಿಂದೆಗೆದ ಮೇಲೆ ರೆಂಬೆಗಳನ್ನು ಮುಲಾಜಿಲ್ಲದೆ ಮೊಟಕುಮಾಡಿದರೆ ಹೊಸ ಕುಡಿ ಒಡೆದು ಬೇಸಿಗೆಯ ಹೊತ್ತಿಗೆ ಸಿಹಿಯಾದ ಫಸಲು. ಮಲಗಿದ ಕಣ್ಣಿನ ಸ್ವಲ್ಪ ಮೇಲೆ ತೊಗಟೆಗೆ ಸಣ್ಣ ಕಚ್ಚು ಹಾಕಿ ಚಿಗುರನ್ನು ಎಬ್ಬಿಸುವ ಜಾಣ್ಮೆ ಮಹಾರಾಷ್ಟ್ರದ ಬೆಳೆಗಾರರದು. ಮಳೆಗಾಲದ ಕಾಯಿಗೆ ನೀರು ಹೆಚ್ಚು, ರುಚಿ ಕಡಿಮೆ. ಆಗಲೇ ತುಕ್ಕು ರೋಗ ಬಂದು ಎಲೆಯಡಿಯೆಲ್ಲ ಕಂದು ಪುಡಿ. ಬಿದ್ದ ಎಲೆಗಳನ್ನು ಗುಡಿಸಿ ಸುಡಬೇಕು, ಬೋರ್ಡೋ ದ್ರಾವಣ ಹೊಡೆಯಬೇಕು. ಕಾಂಡದ ಬುಡದಲ್ಲಿ ಮರದಪುಡಿ ಕಂಡರೆ ಕೊರಕ ಹುಳು ಹೊಕ್ಕಿದೆಯೆಂದೇ ತಿಳಿಯಿರಿ.

ಹಣ್ಣು ಬಣ್ಣ ತಿರುಗುವಾಗ ನೀರನ್ನು ಹದ ತಪ್ಪಿಸಬೇಡಿ. ಒಣಗಿಸಿ ಒಮ್ಮೆಲೇ ಹಾಯಿಸಿದರೆ ಸೀಳುತ್ತದೆ. ಆ ಹೊತ್ತಿಗೆ ಪಿಕಳಾರ, ಅಳಿಲು ಹಗಲಿಗೆ, ಬಾವಲಿ ರಾತ್ರಿಗೆ ಹಾಜರು. ಒಂದೊಂದು ಹಣ್ಣಿಗೂ ತೆಳು ಬಟ್ಟೆಯ ಚೀಲ ಕಟ್ಟುವುದೇ ಉಪಾಯ. ತೊಟ್ಟು ಬಾಗಿ ಹಣ್ಣು ಜೋತುಬಿದ್ದು, ಸಿಪ್ಪೆ ಅಲ್ಲಲ್ಲಿ ಬಿರಿದಾಗ ಕೀಳಬೇಕು. ತೊಟ್ಟಿನಿಂದ ಬಿಳಿ ಹಾಲು ಸುರಿದರೆ ಇನ್ನೂ ಎಳಸು. ಆ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಉರಿ, ಗುಳ್ಳೆ ಖಚಿತ. ಸವರುವಾಗಲೂ ಕೀಳುವಾಗಲೂ ತುಂಬುತೋಳಿನ ಅಂಗಿ ಇರಲಿ, ಮಕ್ಕಳು ದೂರವಿರಲಿ.