ವಾರ್ಡಿನ ಪ್ರಶ್ನೆ, ಲ್ಯಾಬಿನ ಉತ್ತರ

ವೈದ್ಯಪದವಿಯ ಜೊತೆಗೇ ಪಿಎಚ್.ಡಿ. ಮಾಡಬೇಕೆನ್ನುವವರಿಗೆ ರೋಗಿಗಳ ಒಡನಾಟ ಎಷ್ಟಿರಬೇಕು? ನಾಲತವಾಡದಂಥ ಊರಿನಿಂದ ಹೊರಟವರು ಈ ಪ್ರಶ್ನೆಗೆ ಅಂಜಬೇಕಿಲ್ಲ.

ವಿಜಯಪುರ ಜಿಲ್ಲೆ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ಸುತ್ತ ಎರಿಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ ಬೆಳೆಯುತ್ತದೆ. ಇಲ್ಲಿ ಊಟವೆಂದರೆ ಮೊದಲು ರೊಟ್ಟಿ, ಉಳಿದದ್ದು ಆಮೇಲೆ. ಇದೇ ಜೋಳ ಒಂದು ಕಾಲಕ್ಕೆ ಹೈದರಾಬಾದಿನ ವೈದ್ಯರನ್ನು ಕಾಡಿತ್ತು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಬಿರಿದ, ಭೇದಿಯಿಂದ ನಿತ್ರಾಣರಾದ, ಮಂಕು ಕವಿದ ಬಡ ರೋಗಿಗಳು ಅಲ್ಲಿನ ವಾರ್ಡುಗಳಿಗೆ ಬರುತ್ತಿದ್ದರು. ರೋಗದ ಹೆಸರು ಪೆಲಾಗ್ರ. ನಯಾಸಿನ್ ಜೀವಸತ್ವದ ಕೊರತೆಯಿಂದ, ಮೆಕ್ಕೆಜೋಳವನ್ನೇ ನೆಚ್ಚಿಕೊಂಡವರಿಗೆ ಬರುತ್ತದೆಂದು ಜಗತ್ತಿಗೆ ಗೊತ್ತಿತ್ತು. ದಖ್ಖನಿನ ಈ ರೋಗಿಗಳು ಮಾತ್ರ ತಿನ್ನುತ್ತಿದ್ದುದು ಜೋಳ. ಹಾಗಾದರೆ ಇವರಿಗೇಕೆ ಬಂತು?

ಅಲ್ಲಿನ ಸಂಶೋಧಕರಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು: ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೇ ಕಾರಣವಿರಬಹುದು. ಆ ವಾದದ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು, ಎಲ್ಲರೂ ಒಪ್ಪಲಿಲ್ಲ. ಆದರೆ ಪ್ರಶ್ನೆ ಹುಟ್ಟಿದ್ದು ರೋಗಿಯ ಮುಂದೆ, ಅದು ಬೆಳೆದದ್ದು ಪ್ರಯೋಗಾಲಯದಲ್ಲಿ. ಗೋಪಾಲನ್ ಅವರ ಬಳಿ ಮದ್ರಾಸಿನ ಎಂ.ಡಿ. ಇತ್ತು, ಲಂಡನ್ನಿನ ಪಿಎಚ್.ಡಿ.ಯೂ ಇತ್ತು. ಇಂಥವರನ್ನೇ ಇಂದು ವೈದ್ಯವಿಜ್ಞಾನಿ ಎನ್ನುತ್ತಾರೆ.

ಅಲ್ಲಿ ರೋಗಿ ದೂರ, ಇಲ್ಲಿ ಲ್ಯಾಬ್ ದೂರ

ಎರಡೂ ಪದವಿಯನ್ನು ಒಂದೇ ಓಟದಲ್ಲಿ ಮುಗಿಸುವ ಎಂ.ಡಿ.-ಪಿಎಚ್.ಡಿ. ಪದ್ಧತಿಯನ್ನು ವ್ಯವಸ್ಥಿತವಾಗಿ ಬೆಳೆಸಿದ್ದು ಅಮೆರಿಕ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಲ್ಲಿ ಇದಕ್ಕೆ ಹಣ ಕೊಡಲು ಆರಂಭಿಸಿತು. ಪದವಿ ಮುಗಿಸಿದವರು ಸೇರುತ್ತಾರೆ, ಹೊರಬರಲು ಸರಾಸರಿ ಎಂಟು ವರ್ಷ ಹಿಡಿಯುತ್ತದೆ. ಅರ್ಜಿಯ ಜೊತೆ ಮೂರು ಪ್ರಬಂಧ ಬರೆಯಬೇಕು: ವೈದ್ಯನಾಗುವುದೇಕೆ, ಎರಡೂ ಪದವಿ ಏಕೆ, ಈವರೆಗೆ ಮಾಡಿದ ಸಂಶೋಧನೆ ಏನು. ಮೂರನೆಯದಕ್ಕೆ 10,000 ಅಕ್ಷರಗಳ ಜಾಗವಿದ್ದರೆ ಎರಡನೆಯದಕ್ಕೆ 3,000. ತೂಕ ಯಾವ ಕಡೆಗಿದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಹಾಗೆಂದು ರೋಗಿಯ ಮುಖವನ್ನೇ ನೋಡದೆ ಅರ್ಜಿ ಹಾಕಿದರೆ ನಡೆಯದು. ಲ್ಯಾಬಿನಲ್ಲೇ ದಿನ ಕಳೆದ ವಿದ್ಯಾರ್ಥಿಗೆ ಆಯ್ಕೆ ಸಮಿತಿ ಕೇಳುವುದು ಸರಳ ಪ್ರಶ್ನೆ: ಬರೀ ಪಿಎಚ್.ಡಿ. ಸಾಲದೆ? ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನಲ್ಲೋ ಬೆಳೆದ ಕನ್ನಡದ ಮಕ್ಕಳು ಎಡವುವುದು ಇಲ್ಲಿಯೇ. ಅವರಲ್ಲಿ ಕೆಲವರು ಬೇಸಿಗೆ ರಜೆಗೆ ಅಜ್ಜನ ಊರಿಗೆ ಬಂದಾಗ ಪರಿಚಯದ ವೈದ್ಯರ ಬಳಿ ‘ಅನುಭವ’ ಪಡೆಯಲು ನೋಡುತ್ತಾರೆ. ಕುಳಿತು ನೋಡುವುದು, ರೋಗಿಯ ಮಾತು ಕೇಳುವುದು ಸರಿ. ಸೂಜಿ ಚುಚ್ಚುವುದು, ಹೊಲಿಗೆ ಹಾಕುವುದು ತಪ್ಪು. ತಮ್ಮ ದೇಶದಲ್ಲಿ ಅನುಮತಿಯಿಲ್ಲದ ಕೆಲಸವನ್ನು ಹೊರದೇಶದ ಬಡರೋಗಿಯ ಮೇಲೆ ಮಾಡಬಾರದೆಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದ ಮಾರ್ಗಸೂಚಿಯೇ ಇದೆ. ಅರ್ಜಿಯಲ್ಲಿ ಅಂಥ ಕೆಲಸವನ್ನು ಹೆಮ್ಮೆಯಿಂದ ಬರೆದರೆ ಅದೇ ಮುಳುವಾಗುತ್ತದೆ.

ನಮ್ಮಲ್ಲಿ ಸ್ಥಿತಿ ತಿರುವುಮುರುವು. ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರಿದವರಿಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ವಿಜಯಪುರದ ಬಿ.ಎಂ. ಪಾಟೀಲ ಅಥವಾ ಅಲ್-ಅಮೀನ್ ಕಾಲೇಜಿನಲ್ಲಿ ಓದುವವರಿಗೆ ರೋಗಿಗಳ ಕೊರತೆಯಿಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಜನ ಬಂದು ಸೇರುವುದು ಜಿಲ್ಲಾ ಕೇಂದ್ರಕ್ಕೇ. ಕೊರತೆ ಇರುವುದು ಲ್ಯಾಬಿನ ಒಡನಾಟದ್ದು. ಇನ್ನೊಂದು ಕೊರತೆಯನ್ನು ನಾವೇ ಮಾಡಿಕೊಂಡಿದ್ದೇವೆ. ಇಂಟರ್ನ್‌ಶಿಪ್ ವರ್ಷವನ್ನು ಎಷ್ಟೋ ಜನ ನೀಟ್-ಪಿಜಿ ತಯಾರಿಗೆ ಒತ್ತೆ ಇಡುತ್ತಾರೆ. ವಾರ್ಡಿನಲ್ಲಿ ಸಹಿ, ಲೈಬ್ರರಿಯಲ್ಲಿ ದಿನ. ಪ್ರಮಾಣಪತ್ರದಲ್ಲಿ ಹನ್ನೆರಡು ತಿಂಗಳ ಅನುಭವ ಇರುತ್ತದೆ, ಹೇಳಲು ಒಬ್ಬ ರೋಗಿಯ ಕಥೆಯೂ ಇರುವುದಿಲ್ಲ.

ಬಾಗಿಲು ಎಲ್ಲಿದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರ ಫೆಬ್ರುವರಿಯಲ್ಲಿ ಸುಷ್ಮಿತಾ-ಸುಬ್ರತೊ ಬಾಗ್ಚಿ ಹಾಗೂ ರಾಧಾ-ಎನ್.ಎಸ್. ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಘೋಷಿಸಿದರು. 800 ಹಾಸಿಗೆಗಳ ಆಸ್ಪತ್ರೆ, ಸ್ನಾತಕೋತ್ತರ ವೈದ್ಯಕೀಯ ಶಾಲೆ, ಅದರ ನಡುಗಂಬವಾಗಿ ಎಂ.ಡಿ.-ಪಿಎಚ್.ಡಿ. ಜೋಡಿ ಪದವಿ ಎಂಬುದು ಆ ಯೋಜನೆ. ಎಂಬಿಬಿಎಸ್ ಮುಗಿಸಿದವರು ನೇರವಾಗಿ ಪಿಎಚ್.ಡಿ.ಗೂ ಈ ಸಂಸ್ಥೆಯಲ್ಲಿ ಅರ್ಜಿ ಹಾಕಬಹುದು.

ಅದಕ್ಕಿಂತ ಮೊದಲಿನ ಮೆಟ್ಟಿಲು ಹಳ್ಳಿಯ ವಿದ್ಯಾರ್ಥಿಗೂ ಎಟುಕುವಂಥದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಲ್ಪಾವಧಿ ವಿದ್ಯಾರ್ಥಿವೇತನ ಕೊಡುತ್ತಿದೆ. ತಮ್ಮದೇ ಕಾಲೇಜಿನ ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಣ್ಣ ಅಧ್ಯಯನ ಮಾಡಿ ವರದಿ ಸಲ್ಲಿಸಬೇಕು. ಪ್ರಸ್ತಾವ ಬರೆಯುವುದು, ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದು, ಅಂಕಿಅಂಶ ಜೋಡಿಸುವುದು ಕಲಿಯಲು ಇಷ್ಟು ಸಾಕು. ಲ್ಯಾಬಿಲ್ಲ ಎಂಬ ಕೊರಗಿಗೆ ಇದೇ ಮೊದಲ ಮದ್ದು.

ಪ್ರಶ್ನೆಗೆ ಬೆಂಗಳೂರಿಗೆ ಹೋಗಬೇಕಿಲ್ಲ

ಹಾವಿನ ಕಡಿತವನ್ನೇ ನೋಡಿ. ತೊಗರಿ ಹೊಲದಲ್ಲಿ ಕಡಿಸಿಕೊಂಡವರು ಮುದ್ದೇಬಿಹಾಳದ ತಾಲ್ಲೂಕು ಆಸ್ಪತ್ರೆಗೋ ವಿಜಯಪುರಕ್ಕೋ ಓಡುತ್ತಾರೆ. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಆ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಕೃಷ್ಣಾ ತೀರದ ಹಾವಿನ ವಿಷಕ್ಕೆ ಆ ಮದ್ದು ಎಷ್ಟು ನಾಟುತ್ತದೆ? ಕಡಿತವಾದ ಎಷ್ಟು ತಾಸಿಗೆ ರೋಗಿ ಬಂದ, ಎಷ್ಟು ವಯಲ್ ಬೇಕಾಯಿತು? 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ವರದಿಯನ್ನು ಕಡ್ಡಾಯ ಮಾಡಿದೆ. ದಾಖಲೆ ಇದ್ದಲ್ಲಿ ಅಧ್ಯಯನವೂ ಸಾಧ್ಯ.

ಊಟದ ತಟ್ಟೆಯಲ್ಲೂ ಪ್ರಶ್ನೆಯಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್, ಎಂ.ಡಿ., ಪಿಎಚ್.ಡಿ. ಎರಡೂ ಪಡೆದವರು. ಅವರ ತಂಡ ಭಾರತೀಯ ಸ್ವಯಂಸೇವಕರ ಮೇಲೆ ನಡೆಸಿದ ಅಧ್ಯಯನಗಳು ವಯಸ್ಕರಿಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲದ ಪ್ರಮಾಣದ ಲೆಕ್ಕವನ್ನು ತಿದ್ದಲು ನೆರವಾದವು. 1985ರ ಅಂತರರಾಷ್ಟ್ರೀಯ ವರದಿಯಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಇದ್ದದ್ದು 2007ರ ವರದಿಯಲ್ಲಿ 30ಕ್ಕೆ ಏರಿತು. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಜಾಸ್ತಿ. ಬೇಳೆ ದುಬಾರಿಯಾದ ವರ್ಷ ಬರೀ ರೊಟ್ಟಿ-ಖಾರ ತಿಂದು ಬೆಳೆಯುವ ಮಗುವಿಗೆ ಏನಾಗುತ್ತದೆ ಎಂದು ಕೇಳಲು ವಿಜಯಪುರ ಜಿಲ್ಲೆಗಿಂತ ಒಳ್ಳೆಯ ಜಾಗ ಯಾವುದು?

ಅರ್ಜಿಯಲ್ಲಿ ಬರೆಯುವುದೇನು?

ಕ್ಲಿನಿಕಲ್ ಅನುಭವ ಕಡಿಮೆ ಇರುವವರು ಮಾಡುವ ದೊಡ್ಡ ತಪ್ಪು ಅದನ್ನು ಉಬ್ಬಿಸುವುದು. ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಐವತ್ತು ಕಡೆ ಇಣುಕುವ ಬದಲು ಒಂದೇ ಕಡೆ ನಿಯಮಿತವಾಗಿ ಹೋಗಿ. ಸರ್ಕಾರಿ ದವಾಖಾನೆಯ ಹೊರರೋಗಿ ವಿಭಾಗ, ಆಶಾ ಕಾರ್ಯಕರ್ತೆಯರ ಮನೆಭೇಟಿ, ಕ್ಷಯರೋಗಿಗಳ ಮಾತ್ರೆ ಎಣಿಕೆ, ಯಾವುದಾದರೂ ಆದೀತು, ವೈದ್ಯಾಧಿಕಾರಿಯ ಅನುಮತಿ ಇರಬೇಕು ಅಷ್ಟೆ. ದಿನಚರಿ ಬರೆಯಿರಿ, ರೋಗಿಯ ಹೆಸರು ಬರೆಯಬೇಡಿ. ವೈದ್ಯರಿಗೆ ಉತ್ತರ ಗೊತ್ತಿರದ ಪ್ರಶ್ನೆಯೊಂದು ಕಂಡ ದಿನ ಅದರ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಆ ಬಗ್ಗೆ ಯಾರು ಏನು ಬರೆದಿದ್ದಾರೆಂದು ಹುಡುಕಿ.

ಎಂಟು ವರ್ಷದ ಓದಿಗೆ ಆಳನ್ನು ಆರಿಸುವವರು ನೋಡುವುದು ಆ ಗೆರೆಯನ್ನು. ಆಸ್ಪತ್ರೆಯಲ್ಲಿ ಕಳೆದ ತಾಸುಗಳ ಪಟ್ಟಿಯನ್ನು ಯಾರಾದರೂ ಕೊಟ್ಟಾರು. ಒಬ್ಬ ರೋಗಿಯಿಂದ ಎದ್ದ ಒಂದು ಪ್ರಶ್ನೆಯನ್ನು ಬಿಡದೆ ಬೆನ್ನು ಹತ್ತಿದವರು ಕಡಿಮೆ. ನಾಲತವಾಡದ ವಿದ್ಯಾರ್ಥಿಗೆ ಪ್ರಶ್ನೆಗಳು ಮನೆಬಾಗಿಲಲ್ಲೇ ಇವೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಈ ವರ್ಷವೇ ಒಬ್ಬ ಮಾರ್ಗದರ್ಶಕರ ಬಾಗಿಲು ತಟ್ಟಬೇಕು.