ಉಪ್ಪಿನಕಾಯಿ ಭರಣಿ ಕಲಿಸಿದ ಪಾಠ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕುಂಬಾರಿಕೆಯನ್ನು ಹವ್ಯಾಸವಾಗಿ ಕೈಗೆತ್ತಿಕೊಂಡವರಿಗೆ ದೊಣ್ಣೆಯ ಅಗತ್ಯವೂ ಇಲ್ಲ. ಮಣ್ಣಿನೊಳಗೆ ಉಳಿದ ತೇವ, ಗೂಡಿನ ಶಾಖ ಮತ್ತು ನಮ್ಮ ಅವಸರ, ಇಷ್ಟು ಸೇರಿದರೆ ತಿಂಗಳುಗಟ್ಟಲೆಯ ಶ್ರಮ ಚೂರುಚೂರಾಗುತ್ತದೆ.

ಆದರೆ ನಾನು ಮಾಡಿದ ಮೊದಲ ಭರಣಿ ಒಡೆಯಲಿಲ್ಲ. ಹಸಿರು ಮೆರುಗಿನಿಂದ ಹೊಳೆಯುತ್ತಿದ್ದ ಅದನ್ನು ಕಂಡು ಮನೆಯವರು ಮೆಚ್ಚಿಕೊಂಡರು. ಅದರಲ್ಲಿ ನಿಂಬೆ ಉಪ್ಪಿನಕಾಯಿ ತುಂಬಿಸಿ ಅಡುಗೆಮನೆಯ ಕಪಾಟಿನಲ್ಲಿ ಇಟ್ಟೆವು. ಮೂರು ವಾರಗಳ ಬಳಿಕ ನೋಡಿದರೆ ಭರಣಿಯ ಕೆಳಗೆ ಹಾಸಿದ್ದ ವೃತ್ತಪತ್ರಿಕೆ ಎಣ್ಣೆಯಿಂದ ತೊಯ್ದಿತ್ತು. ಉಪ್ಪಿನಕಾಯಿಯನ್ನು ಹೊರತೆಗೆದಾಗ, ರಸ ತಾಗಿದ್ದ ಎತ್ತರದವರೆಗೆ ಒಳಗಿನ ಹಸಿರು ಬಣ್ಣ ಮಾಸಿ ಬಿಳಿಚಿಕೊಂಡಿತ್ತು. ಆ ಬಣ್ಣ ಎಲ್ಲಿಗೆ ಹೋಯಿತು? ಉಪ್ಪಿನಕಾಯಿಯೊಳಕ್ಕೆ ಎಂಬುದೊಂದೇ ಉತ್ತರ. ಅದನ್ನು ಅಷ್ಟರಲ್ಲಾಗಲೇ ಕೆಲವು ದಿನ ಊಟದಲ್ಲಿ ಬಡಿಸಿಯೂ ಆಗಿತ್ತು. ಉಳಿದದ್ದನ್ನು ಚೆಲ್ಲಿ, ತಪ್ಪು ಎಲ್ಲಿ ಆಯಿತೆಂದು ಹುಡುಕಲು ಹೊರಟೆ.

ಒಂದೇ ಮಣ್ಣು, ಬೇರೆ ಬೇರೆ ಗುಣ

ಮೊದಲ ತಪ್ಪು ಮಣ್ಣಿನ ಆಯ್ಕೆಯಲ್ಲಿತ್ತು. ನಾನು ಬಳಸಿದ್ದು ಕೆರೆಯ ಕೆಂಪು ಜೇಡಿಮಣ್ಣು. ಕಬ್ಬಿಣದ ಅಂಶ ಹೆಚ್ಚಾಗಿರುವ ಇಂತಹ ಮಣ್ಣನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟರೆ ಅದು ಗಟ್ಟಿಯಾಗುತ್ತದೆಯೇ ಹೊರತು ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದು ಈ ರಂಧ್ರಗಳಿಂದಲೇ. ನೀರು ಹೊರಮೈಗೆ ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಕರಾವಳಿಯ ಮನೆಗಳಲ್ಲಿ ಮೀನು ಸಾರಿನ ಗಡಿಗೆ ಉರಿಯ ಮೇಲೆ ಸೀಳದೆ ಉಳಿಯುವುದಕ್ಕೂ ಈ ಸಡಿಲ ರಚನೆಯೇ ಕಾರಣ.

ಭರಣಿಯ ಕೆಲಸ ಇದಕ್ಕೆ ತದ್ವಿರುದ್ಧವಾದುದು. ಹುಳಿ, ಉಪ್ಪು ಮತ್ತು ಎಣ್ಣೆಯನ್ನು ಅದು ವರ್ಷಗಟ್ಟಲೆ ಹೊರಬಿಡದೆ ಹಿಡಿದಿಡಬೇಕು. ಅದಕ್ಕೆ ಸ್ಟೋನ್‌ವೇರ್ ಎಂದು ಕರೆಯಲಾಗುವ ಮಣ್ಣು ಬೇಕು. ಇದನ್ನು 1200ರಿಂದ 1300 ಡಿಗ್ರಿಯವರೆಗೆ ಸುಡುತ್ತಾರೆ. ಆ ಶಾಖದಲ್ಲಿ ಮಣ್ಣಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ಕರಗಿ ಗಾಜಿನಂತಾಗಿ ರಂಧ್ರಗಳನ್ನು ತುಂಬುತ್ತದೆ. ಕೆರೆಯ ಕೆಂಪು ಮಣ್ಣನ್ನು ಅಷ್ಟು ಶಾಖಕ್ಕೆ ಒಡ್ಡಿದರೆ ಅದು ಉಬ್ಬಿ, ಸೊಟ್ಟಗಾಗಿ, ಕೊನೆಗೆ ಕುಸಿಯುತ್ತದೆ. ಇತ್ತ ಸ್ಟೋನ್‌ವೇರ್ ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಟ್ಟರೆ ಸೀಳುವ ಸಂಭವವೇ ಹೆಚ್ಚು. ಹೀಗಾಗಿ ಒಂದು ಮೇಲು, ಇನ್ನೊಂದು ಕೀಳು ಎನ್ನಲಾಗದು. ಮಡಕೆಯ ಮಣ್ಣಿನಿಂದ ಭರಣಿಯ ಕೆಲಸವನ್ನು ಬಯಸಿದ್ದು ನನ್ನ ಅಜ್ಞಾನ.

ನಮ್ಮ ದೇಶದ ಹವ್ಯಾಸಿಗಳಿಗೆ ಸ್ಟೋನ್‌ವೇರ್ ಪರಿಚಯವಾಗುವುದರಲ್ಲಿ ಪುದುಚೇರಿಯ ಪಾತ್ರ ದೊಡ್ಡದು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು 1971ರಲ್ಲಿ ಅಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ ಕಲಿತ ಅನೇಕರು ಮುಂದೆ ದೇಶದ ಬೇರೆ ಬೇರೆ ಕಡೆ ಸ್ವಂತ ಕಾರ್ಯಾಗಾರಗಳನ್ನು ಕಟ್ಟಿದರು.

ಬೆಂಕಿಯೊಳಗೆ ನಡೆಯುವುದೇನು?

ಹಸಿ ಪಾತ್ರೆ ಗೂಡಿನಲ್ಲಿ ಸಿಡಿದರೆ ಒಳಗೆ ಗಾಳಿಗುಳ್ಳೆ ಇತ್ತೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ ತೇವ. ದಪ್ಪ ತಳದಲ್ಲಿ ಉಳಿದ ನೀರು 100 ಡಿಗ್ರಿಯಲ್ಲಿ ಹಬೆಯಾಗಿ, ಹೊರಬರಲು ದಾರಿ ಸಾಲದೆ ಪಾತ್ರೆಯನ್ನೇ ಸೀಳುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆಗಳ ಕಾಲ ಗೂಡನ್ನು 100 ಡಿಗ್ರಿಗಿಂತ ಕೆಳಗೇ ಇರಿಸುವುದು ಕ್ಷೇಮ.

ಅನಂತರದ ಘಟ್ಟ ಸುಮಾರು 450ರಿಂದ 600 ಡಿಗ್ರಿಯದು. ಆಗ ಮಣ್ಣಿನ ಕಣಗಳಲ್ಲಿ ರಾಸಾಯನಿಕವಾಗಿ ಬೆಸೆದಿರುವ ನೀರು ಬಿಟ್ಟುಹೋಗುತ್ತದೆ. ಶುದ್ಧ ಕೇಯೋಲಿನ್ ಮಣ್ಣಿನ ತೂಕದಲ್ಲಿ ಈ ನೀರಿನ ಪಾಲು ಸುಮಾರು ಶೇ. 14. ಇದು ಹೋದ ಮೇಲೆ ಮಣ್ಣು ಮತ್ತೆ ನೀರಿನಲ್ಲಿ ಕರಗಿ ಕೆಸರಾಗದು. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಹರಳುಗಳು ಹಠಾತ್ತನೆ ಹಿಗ್ಗುತ್ತವೆ, ತಣಿಯುವಾಗ ಅದೇ ಹಂತದಲ್ಲಿ ಹಠಾತ್ತನೆ ಕುಗ್ಗುತ್ತವೆ. ಗೂಡನ್ನು ಅವಸರದಿಂದ ತಣಿಸಿದವರ ಪಾತ್ರೆಗಳು ‘ಟಿಣ್’ ಎಂದು ಸದ್ದು ಮಾಡಿ ಬಿರಿಯಲು ಈ ಕುಗ್ಗುವಿಕೆ ಒಂದು ಮುಖ್ಯ ಕಾರಣ. ನಾನೂ ಎರಡು ಬಾರಿ ಕುತೂಹಲ ತಾಳಲಾರದೆ ಗೂಡಿನ ಬಾಗಿಲನ್ನು ಬೇಗ ತೆರೆದು ಆ ಸದ್ದನ್ನು ಕೇಳಿದ್ದೇನೆ.

ಮೆರುಗು ಎಂದರೆ ಗಾಜು

ಪಿಂಗಾಣಿಯ ಮೇಲಿನ ಮೆರುಗು ಬಣ್ಣದ ಲೇಪನವಲ್ಲ, ಪಾತ್ರೆಗೆ ಅಂಟಿಕೊಂಡಿರುವ ತೆಳುವಾದ ಗಾಜು. ಅದರ ಮೂಲವಸ್ತು ಸಿಲಿಕಾ. ಸಿಲಿಕಾ ಒಂದೇ ಕರಗಬೇಕಾದರೆ ಸುಮಾರು 1700 ಡಿಗ್ರಿ ಶಾಖ ಬೇಕು. ಅದನ್ನು ಕಡಿಮೆ ಶಾಖದಲ್ಲಿ ಕರಗಿಸಲು ಫೆಲ್ಡ್‌ಸ್ಪಾರ್, ಸುಣ್ಣ, ಬೂದಿ, ಬೋರಾನ್ ಮುಂತಾದ ದ್ರಾವಕಗಳನ್ನು ಬೆರೆಸುತ್ತಾರೆ. ಕರಗಿದ ಗಾಜು ಪಾತ್ರೆಯಿಂದ ಹರಿದು ಬೀಳದಂತೆ ಹಿಡಿದಿಡುವುದು ಅಲ್ಯೂಮಿನಾ. ಬಣ್ಣ ಕೊಡುವುದು ಲೋಹದ ಆಕ್ಸೈಡುಗಳು. ಕೋಬಾಲ್ಟ್‌ನಿಂದ ನೀಲಿ, ಕಬ್ಬಿಣದಿಂದ ಕಂದು, ತಾಮ್ರದಿಂದ ಹಸಿರು ದೊರೆಯುತ್ತವೆ. ಗೂಡಿನೊಳಗೆ ಆಮ್ಲಜನಕ ಕಡಿಮೆಯಾದರೆ ಅದೇ ತಾಮ್ರ ಕೆಂಪಾಗುವುದೂ ಉಂಟು.

ನನ್ನ ಎರಡನೆಯ ತಪ್ಪು ನಡೆದದ್ದು ಇಲ್ಲಿ. ಅಂಗಡಿಯಿಂದ ತಂದ, ಕಡಿಮೆ ಶಾಖದಲ್ಲಿ ಕರಗುವ ಸಿದ್ಧ ಮೆರುಗಿಗೆ ಬಣ್ಣ ಗಾಢವಾಗಲೆಂದು ಅಳತೆಯಿಲ್ಲದೆ ತಾಮ್ರದ ಪುಡಿ ಬೆರೆಸಿದ್ದೆ. ಗಾಜು ತನ್ನೊಳಗೆ ಭದ್ರವಾಗಿ ಹಿಡಿದುಕೊಳ್ಳಬಲ್ಲ ಲೋಹಕ್ಕೆ ಒಂದು ಮಿತಿಯಿದೆ. ಮಿತಿ ಮೀರಿದ್ದನ್ನು ಹುಳಿ ಸುಲಭವಾಗಿ ಕಿತ್ತುಕೊಳ್ಳುತ್ತದೆ. ಇದಕ್ಕಿಂತ ಆತಂಕದ ಸಂಗತಿಯೆಂದರೆ, ಆ ಪೊಟ್ಟಣದ ಮೇಲೆ ಮೆರುಗಿನಲ್ಲಿ ಏನೇನಿದೆ ಎಂಬ ವಿವರವೇ ಇರಲಿಲ್ಲ. ಕಡಿಮೆ ಶಾಖದ ಮೆರುಗುಗಳಲ್ಲಿ ಶತಮಾನಗಳ ಕಾಲ ಸೀಸವನ್ನು ಬಳಸಲಾಗುತ್ತಿತ್ತು. ಸೀಸ ಅಲ್ಪ ಪ್ರಮಾಣದಲ್ಲಿಯೂ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಸೀಸವಿರುವ ಮೆರುಗಿಗೆ ತಾಮ್ರ ಸೇರಿದರೆ ಸೀಸ ಇನ್ನಷ್ಟು ಸುಲಭವಾಗಿ ಹೊರಬರುತ್ತದೆ. ನನ್ನ ಭರಣಿಯಲ್ಲಿ ಅದು ಇತ್ತೋ ಇಲ್ಲವೋ ಕೇಳದೆಯೇ ನಾನು ಮನೆಮಂದಿಗೆ ಬಡಿಸಿದ್ದೆ.

ಶಂಕು ಹೇಳುವ ಸತ್ಯ

ಸರಿಯಾದ ಮಣ್ಣು, ಸರಿಯಾದ ಮೆರುಗು ಇದ್ದರೂ ಬೆಂಕಿ ಸಾಲದಿದ್ದರೆ ಫಲವಿಲ್ಲ. ಗೂಡಿನ ಶಾಖವನ್ನು ಅಳೆಯುವ ಸಮಸ್ಯೆ ಹಳೆಯದು. ಇಂಗ್ಲೆಂಡಿನ ಜೋಸಾಯ ವೆಜ್‌ವುಡ್ 1782ರಲ್ಲಿ, ಮಣ್ಣಿನ ತುಂಡು ಎಷ್ಟು ಕುಗ್ಗಿತೆಂಬುದರಿಂದ ಶಾಖವನ್ನು ಅಂದಾಜು ಮಾಡುವ ಮಾಪಕವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ರೂಪಿಸಿದ ಶಂಕುಗಳ ಪರಂಪರೆ ಇಂದಿಗೂ ಬಳಕೆಯಲ್ಲಿದೆ. ಮೆರುಗಿನಂಥದೇ ಮಿಶ್ರಣದಿಂದ ಮಾಡಿದ ಈ ಪುಟ್ಟ ಶಂಕುಗಳು ನಿಗದಿತ ಶಾಖದಲ್ಲಿ ಮೆತ್ತಗಾಗಿ ತಲೆಬಾಗುತ್ತವೆ. ತಾಪಮಾನವನ್ನಷ್ಟೇ ಅಲ್ಲದೆ, ಅದು ಎಷ್ಟು ಹೊತ್ತು ಕೆಲಸ ಮಾಡಿತೆಂಬುದನ್ನೂ ಅವು ತೋರಿಸುತ್ತವೆ.

ನನ್ನ ವಿದ್ಯುತ್ ಗೂಡಿನ ಮಾಪಕ 1220 ಎಂದು ತೋರಿಸುತ್ತಿದ್ದಾಗ ಮೇಲಿನ ಹಲಗೆಯ ಶಂಕು ಪೂರ್ತಿ ಬಾಗಿತ್ತು, ಕೆಳಗಿನ ಹಲಗೆಯದು ನೆಟ್ಟಗೆ ನಿಂತಿತ್ತು. ಅಂದರೆ ಕೆಳಗಿನ ಪಾತ್ರೆಗಳೆಲ್ಲ ಅರ್ಧ ಬೆಂದವು. ಹೊರನೋಟಕ್ಕೆ ಎರಡರಲ್ಲೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಂದಿನಿಂದ ಪ್ರತಿ ಹಲಗೆಯ ಮೇಲೂ ಶಂಕು ಇಡುತ್ತೇನೆ.

ಪರೀಕ್ಷೆ ಹೇಗೆ?

ಪಾತ್ರೆ ಬೆಂದಿದೆಯೇ ಎಂದು ತಿಳಿಯಲು ತಕ್ಕಡಿ ಸಾಕು. ಮೆರುಗಿಲ್ಲದ ಬಿಲ್ಲೆಯೊಂದನ್ನು ಅದೇ ಮಣ್ಣಿನಿಂದ ಮಾಡಿ, ಅದೇ ಗೂಡಿನಲ್ಲಿ ಸುಟ್ಟು ತೂಗಬೇಕು. ಬಳಿಕ ನೀರಿನಲ್ಲಿ ಎರಡು ಗಂಟೆ ಕುದಿಸಿ, ಮರುದಿನದವರೆಗೆ ನೆನೆಸಿ, ಮೇಲಿನ ತೇವ ಒರೆಸಿ ಮತ್ತೆ ತೂಗಬೇಕು. ನನ್ನ ಕೆಂಪು ಮಣ್ಣಿನ 200 ಗ್ರಾಂ ಬಿಲ್ಲೆ 224 ಗ್ರಾಂ ಆಯಿತು, ಅಂದರೆ ಶೇ. 12ರಷ್ಟು ನೀರು ಕುಡಿದಿತ್ತು. ಎಣ್ಣೆ ಜಿನುಗಿದ್ದರಲ್ಲಿ ಆಶ್ಚರ್ಯವಿಲ್ಲ. ಸರಿಯಾಗಿ ಬೆಂದ ಸ್ಟೋನ್‌ವೇರ್ ಬಿಲ್ಲೆ 203 ಗ್ರಾಂ ತೂಗಿತು.

ಮೆರುಗಿನ ಪರೀಕ್ಷೆಗೆ ನಿಂಬೆಹೋಳನ್ನು ಪಾತ್ರೆಯೊಳಗೆ ರಾತ್ರಿಯಿಡೀ ಕವುಚಿ ಇಡಬಹುದು. ಬೆಳಗ್ಗೆ ಬಣ್ಣ ಅಥವಾ ಹೊಳಪು ಮಾಸಿದ್ದರೆ ಆ ಪಾತ್ರೆ ಆಹಾರಕ್ಕೆ ಸಲ್ಲದು. ಆದರೆ ಕಲೆ ಮೂಡದಿದ್ದ ಮಾತ್ರಕ್ಕೆ ಸುರಕ್ಷಿತವೆಂದು ತಿಳಿಯುವಂತಿಲ್ಲ, ಏಕೆಂದರೆ ಸೀಸ ಬಣ್ಣ ಬದಲಿಸದೆಯೂ ಹೊರಬರಬಲ್ಲದು. ಅದನ್ನು ಪ್ರಯೋಗಾಲಯವೇ ಹೇಳಬೇಕು. ಅಲ್ಲಿ ಪಾತ್ರೆಯೊಳಗೆ ಶೇ. 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ಇರಿಸಿ, ಅದರಲ್ಲಿ ಬೆರೆತ ಸೀಸ ಮತ್ತು ಕ್ಯಾಡ್ಮಿಯಂ ಪ್ರಮಾಣವನ್ನು ಅಳೆಯುತ್ತಾರೆ.

ಇನ್ನೊಂದು ಎಚ್ಚರಿಕೆ ಮಾಡುವವರಿಗೆ. ಒಣ ಜೇಡಿಮಣ್ಣು ಮತ್ತು ಮೆರುಗಿನ ಪುಡಿಯಲ್ಲಿರುವ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ರೋಗ ಬರುತ್ತದೆ. ಕೆಲಸದ ಕೋಣೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಪುಡಿ ಬೆರೆಸುವಾಗ ಧೂಳು ತಡೆಯುವ ಮುಖಗವಸು ಅತ್ಯಗತ್ಯ.

ನನ್ನ ಎರಡನೆಯ ಭರಣಿಯ ಒಳಮೈಗೆ ಬಣ್ಣವಿಲ್ಲದ, ಪ್ರತಿಯೊಂದು ವಸ್ತುವನ್ನೂ ನಾನೇ ತೂಗಿ ಬೆರೆಸಿದ ಬಿಳಿ ಮೆರುಗನ್ನು ಬಳಿದೆ. ತಾಮ್ರದ ಹಸಿರು ಹೊರಮೈಗೆ ಮಾತ್ರ. ಜೊತೆಗೆ ಸುಟ್ಟ ಇನ್ನೊಂದು ಬಟ್ಟಲು ಪ್ರಯೋಗಾಲಯದಿಂದ ತೇರ್ಗಡೆಯಾಗಿ ಬಂದ ಮೇಲಷ್ಟೇ ಭರಣಿಯಲ್ಲಿ ಮಾವಿನ ಮಿಡಿ ಹಾಕಿದೆವು. ಅದರ ಕೆಳಗೆ ಹಾಸಿದ ವೃತ್ತಪತ್ರಿಕೆ ಇಂದಿಗೂ ಒಣಗಿಯೇ ಇದೆ. ಮೊದಲ ಭರಣಿಯಲ್ಲಿ ಈಗ ಛತ್ರಿಗಳನ್ನು ಇಡುತ್ತೇವೆ.

ಕೈಯಿಂದ ಮಾಡಿದ ಪಿಂಗಾಣಿಯನ್ನು ಮೇಳಗಳಲ್ಲಿ ಕೊಳ್ಳುವ ಓದುಗರು ಮಾರುವವರನ್ನು ಮೂರು ಪ್ರಶ್ನೆ ಕೇಳಬೇಕು. ಇದನ್ನು ಎಷ್ಟು ಶಾಖದಲ್ಲಿ ಸುಡಲಾಗಿದೆ? ಒಳಗಿನ ಮೆರುಗಿನಲ್ಲಿ ಏನಿದೆ? ಇದರಲ್ಲಿ ಹುಳಿ ಪದಾರ್ಥ ಇಡಬಹುದೇ? ತನ್ನ ಕೆಲಸ ಬಲ್ಲ ಕುಂಬಾರ ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾನೆ. ಉತ್ತರ ಸಿಗದಿದ್ದರೆ ಆ ಪಾತ್ರೆ ಹೂವಿಗೆ ಇರಲಿ, ಊಟಕ್ಕೆ ಬೇಡ.