ಲೆಕ್ಕ ತೀರಿಸಿದ ಗಿರಾಕಿ

ಅಂಗಡಿ ನಡೆಸುವವರಿಗೆ ದಿನವೂ ಬರುವ ಗಿರಾಕಿಯೆಂದರೆ ಅರ್ಧ ನೆಂಟನಿದ್ದಂತೆ. ಆತನ ಊರು, ಮನೆತನ ತಿಳಿಯುವ ಮೊದಲೇ ಆತನಿಗೆ ಬೇಕಾದುದೇನೆಂಬುದು ನಮಗೆ ತಿಳಿದಿರುತ್ತದೆ. ಬೆಂಗಳೂರು ದಂಡು ರೈಲು ನಿಲ್ದಾಣದ ಸಮೀಪದ ನಮ್ಮ ಕುಟುಂಬದ ಪುಟ್ಟ ಬೇಕರಿಗೆ ಬರುವ ಹಿರಿಯರೊಬ್ಬರನ್ನು ನಾವು ಅರಿತದ್ದೂ ಹೀಗೆಯೇ. ಮೊದಲು ತಿಳಿದದ್ದು ಎರಡು ಬನ್ನು, ಒಂದು ಲೋಟ ಚಹಾ. ಅವರ ಬದುಕು ತಿಳಿದದ್ದು ಬಹುಕಾಲದ ಮೇಲೆ.

ಅವರು ಕೋಲಾರದ ಚಿನ್ನದ ಗಣಿಯ ಕಾರ್ಮಿಕರಾಗಿದ್ದವರು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ತಲುಪಿದ್ದ ಆ ಊರಿನ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮೀರಿದ ಆಳದ್ದು. ಒಳಗೆ ತಾಳಲಾರದ ಕಾವು. ಯಾವ ಗಳಿಗೆಯಲ್ಲಿ ಬಂಡೆ ಸಿಡಿಯುವುದೋ ಎಂಬ ಭಯ. ಹದಿನಾರು ವರ್ಷ ಅಲ್ಲಿ ದುಡಿದ ಇವರು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡರು. ಅನಂತರ ಊರಿನ ಸಾವಿರಾರು ಜನರಂತೆ ಮಾರಿಕುಪ್ಪಮ್ಮಿನಿಂದ ಹೊರಡುವ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಬರತೊಡಗಿದರು. ಇಲ್ಲೊಂದು ಕಟ್ಟಡಕ್ಕೆ ಕಾವಲುಗಾರರಾದರು.

“ಕೋಪ ಬರಲಿಲ್ಲವೇ ಅಣ್ಣಾ?” ಎಂದು ಮನೆಯಾಕೆ ಒಮ್ಮೆ ಕೇಳಿದಳು.

“ಬರದೆ ಇರುತ್ತಾ ಅಮ್ಮಾ? ಬಂತು. ಆದರೆ ಕೋಪವನ್ನೂ ಹೊತ್ತುಕೊಂಡು ರೈಲು ಹತ್ತಿದರೆ ಪಕ್ಕದವನಿಗೆ ಕೂರಲು ಜಾಗ ಇರೋದಿಲ್ಲ” ಎಂದು ಅವರು ನಕ್ಕರು. ಬಿಸಿಲು ಸುಡುತ್ತಿದೆಯೆಂದು ನಾವು ಗೊಣಗಿದರೆ, “ಬಿಸಿಲು ಕಣ್ಣಿಗೆ ಬಿದ್ದರೆ ಆ ದಿನ ಬದುಕಿದೆವು ಅಂತ ಲೆಕ್ಕ ಸಾರ್” ಎನ್ನುವರು.

ಅವರೊಡನೆ ಅದೇ ಗಣಿಯ ಮತ್ತೊಬ್ಬರು ಬರುತ್ತಿದ್ದರು. ಅವರದು ಸಂಬಳದ ದಿನ ತೀರಿಸುವ ಸಾಲದ ಲೆಕ್ಕ. 2020ರ ಮಾರ್ಚಿನಲ್ಲಿ ಕೊರೋನಾದಿಂದ ರೈಲುಗಳು ನಿಂತವು, ಇಬ್ಬರೂ ಕಾಣದಾದರು. ಬಹಳ ತಿಂಗಳ ಮೇಲೆ ನಮ್ಮ ಹಿರಿಯರು ಒಬ್ಬರೇ ಬಂದರು. ಗೆಳೆಯ ತೀರಿಕೊಂಡ ಸುದ್ದಿ ಹೇಳಿ, ಚಹಾವನ್ನೂ ಮುಟ್ಟದೆ, “ಅವನ ಬಾಕಿ ಎಷ್ಟಿದೆ ನೋಡಿ” ಎಂದರು.

ಪುಸ್ತಕದಲ್ಲಿ 340 ರೂಪಾಯಿ ಇತ್ತು. ಅದನ್ನು ಹೊಡೆದುಹಾಕಲು ನಾವು ಲೇಖನಿ ತೆಗೆದೆವು. ಅವರು ಪುಟದ ಮೇಲೆ ಕೈಯಿಟ್ಟರು.

“ಬೇಡಿ ಸಾರ್. ಕೆಳಗೆ ಇಳಿದವರೆಷ್ಟು, ಮೇಲೆ ಬಂದವರೆಷ್ಟು ಅನ್ನೋ ಲೆಕ್ಕ ಕೂಡದಿದ್ದರೆ ಗಣಿಯಲ್ಲಿ ನಾವು ಮನೆಗೆ ಹೋಗುತ್ತಿರಲಿಲ್ಲ. ಇವನ ಲೆಕ್ಕವೂ ಕೂಡಲಿ. ನಾಳೆ ಅವನ ಮಗ ಕೆಲಸ ಹುಡುಕಿಕೊಂಡು ಈ ಬೀದಿಗೇ ಬರುತ್ತಾನೆ. ತಲೆ ಎತ್ತಿ ನಡೆಯಬೇಕು.”

ಹಲವು ತಿಂಗಳು ಸಂಬಳವಿಲ್ಲದೆ ಕಳೆದವರಿಂದ ಹಣ ಪಡೆಯಲು ನಮಗೆ ಮನಸ್ಸಿರಲಿಲ್ಲ. ನಿರಾಕರಿಸಿದರೆ ಅದು ಅವರ ಗೆಳೆತನಕ್ಕೆ ಅಡ್ಡ ಬಂದಂತಾಗುವುದೆಂದು ತಿಳಿದು ಪಡೆದೆವು. ನಾಲ್ಕು ಕಂತುಗಳಲ್ಲಿ 340 ರೂಪಾಯಿ ಸಂದಿತು. ಕೊನೆಯ ಕಂತಿನ ದಿನ ಆ ಹೆಸರಿನ ಮುಂದೆ ‘ತೀರಿತು’ ಎಂದು ನಮ್ಮಿಂದ ಬರೆಯಿಸಿ, ತಮ್ಮ ಕಣ್ಣಿನಿಂದಲೇ ಓದಿಕೊಂಡರು.

ದಾನ ಮಾಡುವುದು ನಮಗೆ ಗೊತ್ತು. ಮತ್ತೊಬ್ಬರ ಮಾನ ಕಾಯುವುದು ಅದಕ್ಕಿಂತ ಸೂಕ್ಷ್ಮವಾದ ಕೆಲಸ. ನಾವು ಬಾಕಿಯನ್ನು ಮನ್ನಿಸಲು ಸಿದ್ಧರಿದ್ದೆವು. ಅವರು ಗೆಳೆಯನ ಹೆಸರನ್ನು ಉಳಿಸಲು ಬಯಸಿದ್ದರು. ಅಗಲಿದವರಿಗಾಗಿ ಬಲಿಪೂಜೆ ಅರ್ಪಿಸುವ ನಮ್ಮ ಕುಟುಂಬಗಳಲ್ಲಿ, ಅವರು ಉಳಿಸಿಹೋದ ಸಣ್ಣಪುಟ್ಟ ಬಾಕಿಗಳನ್ನು ವಿಚಾರಿಸಿ ತೀರಿಸುವ ರೂಢಿಯೂ ಬೆಳೆದರೆ ಒಳಿತಲ್ಲವೇ? ಹಾಲಿನವನ, ಔಷಧಿ ಅಂಗಡಿಯವನ ಪುಸ್ತಕದಲ್ಲಿಯೂ ನಮ್ಮವರ ಹೆಸರು ಇರಬಹುದು. ಒಮ್ಮೆ ಹೋಗಿ ಕೇಳಿ ನೋಡೋಣ.